ಖಾಲಿ ತಟ್ಟೆಯ ನಲವತ್ತು ಗ್ರಾಂ

ಮಡಿವಾಳ ಮಾರ್ಕೆಟ್ಟಿನ ಮೂಲೆಯಲ್ಲಿ
ಹೂ ಹಾಕಿಕೊಂಡು ಕೂರುವವಳು ನಾನು, ಸಂಪಂಗಮ್ಮ.
ಮಲ್ಲಿಗೆ ಮೊಳದಲ್ಲಿ ಹೋಗುತ್ತದೆ,
ಅದಕ್ಕೆ ನನ್ನ ಮೊಣಕೈ ಸಾಕು.
ಬಿಡಿ ಹೂವಿಗೆ ತೂಕ ಬೇಕು.
ಹಬ್ಬದ ಹಿಂದಿನ ದಿನ ಕನಕಾಂಬರ
ಬೆಳ್ಳಿಯ ಹಾಗೆ ಗ್ರಾಮಿನಲ್ಲಿ ಮಾತಾಡುತ್ತದೆ.

ಅದಕ್ಕೇ ಎಸ್.ಪಿ. ರೋಡಿಗೆ ಬಂದು
ಚೀಟಿ ಎತ್ತಿದ ದುಡ್ಡಲ್ಲಿ ನಿಮ್ಮ ಹತ್ತಿರ ಕೊಂಡೆ:
ಎಲೆಕ್ಟ್ರಾನಿಕ್ ತಕ್ಕಡಿ, ಕೆಂಪು ಅಂಕಿ,
ಒಂದು ವರ್ಷದ ಗ್ಯಾರಂಟಿ, ಮೂರು ಸಾವಿರದ ಇನ್ನೂರು.
ನಿಮ್ಮದೇ ಮೊಬೈಲ್ ಇಟ್ಟು ತೂಗಿ ತೋರಿಸಿದಿರಿ.
ಕಾಫಿ ಕುಡೀತೀರಾ ಅಮ್ಮ, ಅಂದಿರಿ.

ಹತ್ತೊಂಬತ್ತನೇ ದಿನ,
ನನಗಿಂತ ಮೊದಲು ನೋಡಿದ್ದು ಟೀಚರಮ್ಮ,
ಹನ್ನೊಂದು ವರ್ಷದ ಗಿರಾಕಿ.
ಏನೂ ಇಡದ ತಟ್ಟೆ ನಲವತ್ತು ಗ್ರಾಂ ಅನ್ನುತ್ತಿತ್ತು.
ಅವರು ಬೈಯಲಿಲ್ಲ. ಕಟ್ಟಿಸಿದ ಪೊಟ್ಟಣ ವಾಪಸ್ ಇಟ್ಟರು.
"ಇಷ್ಟು ದಿನಾನೂ ಹಿಂಗೇನಾ, ಸಂಪಂಗಮ್ಮ?"
ಎದುರುಗಡೆಯವಳ ಹತ್ತಿರ ಹೋದರು.
ತಟ್ಟೆ ಒರೆಸಿದೆ. ನಲವತ್ತು.
ಆರಿಸಿ ಹಾಕಿದೆ.
ಸೊನ್ನೆಗೆ ಬಂದು, ಒಂದಿಷ್ಟು ಯೋಚಿಸಿ, ಮತ್ತೆ ನಲವತ್ತು.

ನಿಮ್ಮಲ್ಲಿಗೆ ಐದು ಸಲ ಬಂದೆ, ಸ್ವಾಮಿ.
ಮೊದಲ ಸಲ ಮೆಕ್ಯಾನಿಕ್ ಊಟಕ್ಕೆ ಹೋಗಿದ್ದ.
ಎರಡನೇ ಸಲ ಕಂಪನಿಯವರನ್ನು ಕೇಳಿ ಅಂದಿರಿ;
ಕಂಪನಿ ಫೋನಿನಲ್ಲಿ ಹಾಡು ಹೇಳಿ,
ಹಿಂದಿಗೆ ಎರಡು ಒತ್ತಿ ಅಂದಿತು.
ಮೂರನೇ ಸಲ ನಿಮ್ಮ ಹುಡುಗ ಸ್ಕ್ರೂ ಬಿಚ್ಚಿ
ಒಳಗಿನಿಂದ ಒಂದು ಒಣಗಿದ ಎಸಳು ಎತ್ತಿ ಹಿಡಿದ,
ಕೊಲೆಗೆ ಸಾಕ್ಷಿ ಸಿಕ್ಕವನ ಹಾಗೆ.
"ನೀರು ಹೋಗಿದೆ. ಗ್ಯಾರಂಟಿ ಬರಲ್ಲ."

ಹೂ ಮಾರುವವಳ ಹತ್ತಿರ ನೀರಲ್ಲದೆ
ಸೀಮೆಎಣ್ಣೆ ಇರುತ್ತದಾ?
ಹೂವಿಗೆ ಅಂತ ಹೇಳಿಯೇ ತಗೊಂಡಿದ್ದೆ.
ಆವತ್ತು ಹೂಂ ಅಂತ ಆಡಿದ್ದು ಯಾರ ತಲೆ?

ನಾಲ್ಕನೇ ಸಲ ಬಿಲ್ಲಿನ ಬೆನ್ನು ತಿರುಗಿಸಿದಿರಿ.
ಇರುವೆ ಸಾಲಿನಷ್ಟು ಸಣ್ಣಗೆ:
ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ.
ಐದನೇ ಸಲದ ನಿಮ್ಮ ಮಾತು ಇಲ್ಲಿ ಬೇಡ.
ಅದಕ್ಕೆ ಕ್ಯಾಶ್ ಕೌಂಟರಿನ ಹುಡುಗನೇ ತಲೆ ತಗ್ಗಿಸಿದ.

ಆ ಬಿಲ್ಲು ಈಗ ಮಾಸುತ್ತಿದೆ.
ಮೊದಲು ತಾರೀಖು ಹೋಯಿತು,
ಆಮೇಲೆ ನಿಮ್ಮ ಅಂಗಡಿಯ ಹೆಸರು.
ನಾನು ಕೊಟ್ಟ ದುಡ್ಡು ಮಾತ್ರ ಮಸುಕಾಗಿ ಉಳಿದಿದೆ.
ಪುಣ್ಯಕ್ಕೆ ಜೆರಾಕ್ಸ್ ಅಂಗಡಿಯ ಇಮ್ತಿಯಾಜ್
ಮುಂಚೆಯೇ ಮೂರು ಪ್ರತಿ ತೆಗೆದುಕೊಟ್ಟಿದ್ದ:
"ಅಕ್ಕಾ, ಇದು ಹೂವಿಗಿಂತ ಬೇಗ ಬಾಡುತ್ತೆ."

ನಿಮಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಾಗದ ಹಾಕಿಸಿದ್ದೂ ಅವನೇ.
ನಿಮ್ಮ ಸಹಿ ಹೊತ್ತ ಕಾರ್ಡು ಮನೆಗೆ ಬಂತು,
ನೀವು ವಾಪಸ್ ಕೊಟ್ಟದ್ದು ಅದೊಂದೇ.
ಹಿಂದೆಯೇ ನಿಮ್ಮ ವಕೀಲರ ಉತ್ತರ:
ಈಕೆ ಗ್ರಾಹಕಳೇ ಅಲ್ಲ, ವ್ಯಾಪಾರಿ.

ಓದಿಸಿ ಕೇಳಿ ನಕ್ಕುಬಿಟ್ಟೆ.
ಇಪ್ಪತ್ತಾರು ವರ್ಷ ಫುಟ್‌ಪಾತಿನಿಂದ ಎಬ್ಬಿಸಿದವರು
ಒಬ್ಬರೂ ನನ್ನನ್ನು ವ್ಯಾಪಾರಿ ಅಂದಿರಲಿಲ್ಲ.

ಇವತ್ತು ಶಾಂತಿನಗರ. ಗ್ರಾಹಕರ ಕೋರ್ಟಿಗೆ ಹತ್ತುವ ಮೊದಲು
ಟೈಪಿಸ್ಟ್ ಶೇಷಾಚಲನ ಮುಂದೆ ಕೂತಿದ್ದೇನೆ.
"ಹೊಟ್ಟೆಪಾಡಿಗೆ ಸ್ವಂತ ಕೈಯಲ್ಲಿ ದುಡಿಯೋರು
ಕಾನೂನಿಗೆ ಗ್ರಾಹಕರೇ ಕಣಮ್ಮ, ಹಾಗೇ ಬರೀತೀನಿ."
ತಕ್ಕಡಿಯ ಬೆಲೆ, ಬರೆದ.
ಹಾಳಾದ ಐದು ದಿನದ ವ್ಯಾಪಾರ, ಬರೆದ.
ಬಸ್ ಚಾರ್ಜು? ಹೆಂಗಸರಿಗೆ ಫ್ರೀ, ಹಾಕಬೇಡ ಅಂದೆ.
ಆಮೇಲೆ ಬೆರಳು ನಿಲ್ಲಿಸಿದ.
"ಮಾನಸಿಕ ಯಾತನೆ. ಎಷ್ಟು ಹಾಕಲಿ?"

ಟೀಚರಮ್ಮ ಈಗಲೂ ನನ್ನ ಮುಂದೆಯೇ ಹೋಗುತ್ತಾರೆ,
ಬಿಸಿಲು ಆ ಕಡೆ ಇದ್ದರೂ ಛತ್ರಿ ಈ ಕಡೆ ಹಿಡಿದು.
ಅದನ್ನು ಮೊಳದಲ್ಲಿ ಅಳೆಯಲಾ, ಗ್ರಾಮಿನಲ್ಲಾ?

ತೊಡೆಯ ಮೇಲೆ ಕವರಿನಲ್ಲಿ ತಕ್ಕಡಿ.
ಬ್ಯಾಟರಿ ಇನ್ನೂ ಇತ್ತು. ಒತ್ತಿದೆ.
ನಲವತ್ತು ಅಂದಿತು.
ಶೇಷಾಚಲ ಕಾಯುತ್ತಿದ್ದ,
ಫ್ಯಾನಿನ ಗಾಳಿಗೆ ಕಾಗದ ಎದ್ದೆದ್ದು ಕೂರುತ್ತಿತ್ತು.
"ಇದರ ಮೇಲೆ ನಾನು ಏನೂ ಇಟ್ಟಿಲ್ಲ
ಅಂತ ಮೊದಲು ಬರಿಯಪ್ಪಾ," ಅಂದೆ.
"ದುಡ್ಡಿನ ಮಾತು ಆಮೇಲೆ."